ಲಿನಕ್ಸ್‌ನಲ್ಲಿ ಗ್ರೂಪ್ ಮತ್ತು ಪರ್ಮಿಷನ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಆಫೀಸಿನ ಲಿನಕ್ಸ್ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ಕೆಲಸ ನನ್ನ ತಲೆಗೆ ಬಂದು ತುಂಬಾ ವರ್ಷ ಆಯಿತು. ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಒಂದೇ ದೂರು: "ಪರ್ಮಿಷನ್ ಡಿನೈಡ್ ಅಂತಿದೆ, ಏನ್ಮಾಡ್ಲಿ?" ಹೇಳಿದ್ದನ್ನೇ ಹೇಳಿ ಬಾಯಿ ನೋವು ಬಂದ ಮೇಲೆ ಇದನ್ನು ಬರೆಯಲು ಕೂತೆ.

ಫೋನಿನಲ್ಲಿ ಹೇಳುವ ಹಾಗೆಯೇ ಇಲ್ಲೂ ಕಮ್ಯಾಂಡುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ. ಉದಾಹರಣೆಗಳು ಹೆಚ್ಚಾಗಿ ಉಬುಂಟು ಮತ್ತು ಡೆಬಿಯನ್ ಎಂಬ ಲಿನಕ್ಸ್ ಬಗೆಗಳವು. ಬೇರೆ ಕಡೆ ವ್ಯತ್ಯಾಸ ಇದ್ದರೆ ಅಲ್ಲಲ್ಲೇ ಬರೆದಿದ್ದೇನೆ.

ಪರ್ಮಿಷನ್ ಡಿನೈಡ್ ಬಂತು. ಮೊದಲು ಏನು ನೋಡಬೇಕು?

ಸುಡೊ ಹಾಕಿ, ಅಂದರೆ ಎಲ್ಲ ಅಧಿಕಾರ ಇರುವ ರೂಟ್ ಖಾತೆಯ ಹೆಸರಲ್ಲಿ, ಮತ್ತೆ ಓಡಿಸಬೇಡಿ. ಮೊದಲು ನೋಡಬೇಕಾದದ್ದು, ಆ ಕೆಲಸ ಯಾರ ಹೆಸರಲ್ಲಿ ನಡೆಯುತ್ತಿದೆ ಅಂತ. ಟರ್ಮಿನಲ್‌ನಲ್ಲಿ "ಐಡಿ" ಎಂದು ಒತ್ತಿದರೆ ನಿಮ್ಮ ಹೆಸರು, ನಂಬರ್, ನೀವಿರುವ ಗ್ರೂಪ್‌ಗಳು ಎಲ್ಲ ಒಂದೇ ಸಾಲಿನಲ್ಲಿ ಬರುತ್ತವೆ. ಆಮೇಲೆ "ಎಲ್‌ಎಸ್ -ಎಲ್" ಕೊಟ್ಟು ಫೈಲ್ ಯಾರದ್ದು ಅಂತ ನೋಡಿ.

ಇಷ್ಟು ನೋಡಿಯೂ ಎಲ್ಲ ಸರಿ ಇದೆ ಅನ್ನಿಸಿದರೆ, ತೊಂದರೆ ಫೈಲಿನಲ್ಲಿಲ್ಲ, ಅಲ್ಲಿಗೆ ಹೋಗುವ ದಾರಿಯಲ್ಲಿದೆ. ಮನೆ ಬೀಗ ತೆಗೆದಿದ್ದರೇನು, ಗೇಟಿಗೆ ಬೀಗ ಇದ್ದರೆ ಒಳಗೆ ಹೋಗಲಾಗುವುದಿಲ್ಲ ಅಲ್ವಾ? ಇದಕ್ಕೊಂದು ಒಳ್ಳೆಯ ಕಮ್ಯಾಂಡ್ ಇದೆ, ಜಾಸ್ತಿ ಜನಕ್ಕೆ ಗೊತ್ತಿಲ್ಲ: ಎನ್, ಎ, ಎಂ, ಇ, ಐ ಎಂಬ ಐದು ಅಕ್ಷರ, ಪಕ್ಕದಲ್ಲಿ -ಎಲ್, ಆಮೇಲೆ ಫೈಲಿನ ಪೂರ್ತಿ ದಾರಿ. ಮೊದಲ ಸ್ಲ್ಯಾಶ್‌ನಿಂದ ಹಿಡಿದು ಫೈಲಿನವರೆಗೆ ಒಂದೊಂದು ಫೋಲ್ಡರಿನ ಪರ್ಮಿಷನ್ನೂ ಸಾಲಾಗಿ ತೋರಿಸುತ್ತದೆ. ಎಲ್ಲಿ ಬೀಗ ಬಿದ್ದಿದೆ ಅಂತ ಕಣ್ಣಿಗೇ ಕಾಣುತ್ತದೆ.

ಒಂದು ನಿಜವಾದ ಉದಾಹರಣೆ. ವೆಬ್‌ಸೈಟಿನ ಫೈಲ್‌ಗಳನ್ನು ನಿಮ್ಮ ಹೋಮ್ ಫೋಲ್ಡರ್ ಒಳಗೇ ಇಟ್ಟಿದ್ದೀರಿ. ಹಳೇ ಉಬುಂಟುವಿನಲ್ಲಿ ಚೆನ್ನಾಗಿಯೇ ಓಡುತ್ತಿತ್ತು. ಹೊಸದಕ್ಕೆ ಹೋದ ಮೇಲೆ ವೆಬ್ ಸರ್ವರ್ 403, ಅಂದರೆ ಅನುಮತಿ ಇಲ್ಲ, ಅನ್ನುತ್ತಿದೆ. ಫೈಲ್ ನೋಡಿದರೆ ಎಲ್ಲರೂ ಓದಬಹುದು ಅಂತಿದೆ. ಕಾರಣ ಇಷ್ಟೇ: ಉಬುಂಟು 21.04ರಿಂದ ಹೊಸ ಹೋಮ್ ಫೋಲ್ಡರ್‌ಗಳು 755 ಬದಲು 750 ಆಗಿ ಹುಟ್ಟುತ್ತವೆ, ಅಂದರೆ ಹೊರಗಿನವರಿಗೆ ಗೇಟು ಮುಚ್ಚಿರುತ್ತದೆ (ಈ ನಂಬರುಗಳ ಲೆಕ್ಕ ಮುಂದೆ ಬರುತ್ತದೆ). ವೆಬ್ ಸರ್ವರ್ ಓಡುವುದು ನಿಮ್ಮ ಹೆಸರಿನಲ್ಲಿ ಅಲ್ಲ, "ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ" ಎಂಬ ಬೇರೆ ಹೆಸರಿನಲ್ಲಿ. ಅದು ನಿಮ್ಮ ಗೇಟಿನ ಹತ್ತಿರವೇ ನಿಂತಿದೆ.

ಎಲ್‌ಎಸ್ -ಎಲ್ ಕೊಟ್ಟರೆ ಬರುವ ಆ ಅಕ್ಷರಗಳನ್ನು ಓದುವುದು ಹೇಗೆ?

ಸವಿತಾ ಅನ್ನುವವರ ಒಂದು ಫೈಲ್ ತೆಗೆದುಕೊಳ್ಳೋಣ. ಸಾಲಿನ ಶುರುವಿನಲ್ಲಿ ಹೀಗಿರುತ್ತದೆ:

- ಆರ್ ಡಬ್ಲ್ಯೂ - ಆರ್ - - - - -   ಸವಿತಾ   ಲೆಕ್ಕ

ಒಟ್ಟು ಹತ್ತು ಜಾಗ. ಮೊದಲನೆಯದು ಇದು ಎಂಥ ವಸ್ತು ಅಂತ ಹೇಳುತ್ತದೆ. ಅಡ್ಡಗೆರೆ ಇದ್ದರೆ ಸಾದಾ ಫೈಲ್, ಡಿ ಇದ್ದರೆ ಫೋಲ್ಡರ್, ಎಲ್ ಇದ್ದರೆ ಲಿಂಕ್. ಉಳಿದ ಒಂಬತ್ತನ್ನು ಮೂರು ಮೂರಾಗಿ ಒಡೆಯಿರಿ. ಮೊದಲ ಮೂರು ಮಾಲೀಕರಿಗೆ, ಅಂದರೆ ಸವಿತಾಗೆ. ಮಧ್ಯದ ಮೂರು "ಲೆಕ್ಕ" ಎಂಬ ಗ್ರೂಪಿನವರಿಗೆ. ಕೊನೆಯ ಮೂರು ಉಳಿದ ಊರಿಗೆಲ್ಲ. ಆರ್ ಅಂದರೆ ಓದು, ಡಬ್ಲ್ಯೂ ಅಂದರೆ ಬರಿ, ಎಕ್ಸ್ ಅಂದರೆ ಓಡಿಸು.

ಹಾಗಾಗಿ ಈ ಫೈಲನ್ನು ಸವಿತಾ ಓದಬಹುದು, ತಿದ್ದಬಹುದು. ಲೆಕ್ಕ ಗ್ರೂಪಿನಲ್ಲಿರುವ ಮಂಜು ಓದಬಹುದು, ತಿದ್ದುವಂತಿಲ್ಲ. ಬೇರೆಯವರಿಗೆ ಏನೂ ಇಲ್ಲ.

ಕೊನೆಯಲ್ಲಿ ಕೂಡಿಸುವ ಚಿಹ್ನೆ ಕಂಡರೆ ಅಲ್ಲಿ ಇನ್ನೂ ಹೆಚ್ಚಿನ ನಿಯಮಗಳಿವೆ ಎಂದರ್ಥ. ಅದರ ವಿಚಾರ ಮುಂದೆ ಬರುತ್ತದೆ. ಫೆಡೋರಾದಲ್ಲಿ ಚುಕ್ಕಿ ಕಾಣುತ್ತದೆ. ಅದು ಎಸ್‌ಇ ಲಿನಕ್ಸ್‌ನ ಗುರುತು, ಸದ್ಯ ಬಿಟ್ಟುಬಿಡಿ.

755, 644 ಅಂತಾರಲ್ಲ, ಆ ನಂಬರ್ ಎಲ್ಲಿಂದ ಬಂತು?

ಓದಲು 4, ಬರೆಯಲು 2, ಓಡಿಸಲು 1. ಬೇಕಾದ್ದನ್ನು ಕೂಡಿ. ಓದು ಮತ್ತು ಬರಿ ಅಂದರೆ 6. ಮೂರೂ ಅಂದರೆ 7. ಓದು ಮತ್ತು ಓಡಿಸು ಅಂದರೆ 5. ಮಾಲೀಕ, ಗ್ರೂಪ್, ಉಳಿದವರು, ಈ ಕ್ರಮದಲ್ಲಿ ಮೂರು ಅಂಕಿ. ಮೇಲಿನ ಸವಿತಾ ಫೈಲ್ 640.

ಬದಲಾಯಿಸುವ ಕಮ್ಯಾಂಡ್ "ಸಿಎಚ್‌ಮಾಡ್". "ಸಿಎಚ್‌ಮಾಡ್ ಮಾಡಿ" ಅಂತ ಫೋನಿನಲ್ಲಿ ಹೇಳಿದಾಗ ಹೊಸಬರು "ಏನು ಮಾಡ್ಬೇಕು?" ಅಂತ ಮತ್ತೆ ಕೇಳುತ್ತಾರೆ. ಕನ್ನಡದವರಿಗೆ ಈ ಹೆಸರು ಒಂಥರಾ ತಮಾಷೆಯೇ.

ನಂಬರ್ ಬೇಡ ಅನ್ನುವವರಿಗೆ ಅಕ್ಷರದ ದಾರಿಯೂ ಇದೆ. "ಸಿಎಚ್‌ಮಾಡ್ ಜಿ+ಡಬ್ಲ್ಯೂ ಫೈಲ್‌ಹೆಸರು" ಎಂದರೆ ಗ್ರೂಪಿಗೆ ಬರೆಯುವ ಅನುಮತಿ ಸೇರಿಸು ಅಂತ. ಉಳಿದದ್ದು ಹೇಗಿತ್ತೋ ಹಾಗೇ ಇರುತ್ತದೆ. ನನಗೆ ಇದೇ ಇಷ್ಟ. ನಂಬರ್ ಕೊಟ್ಟರೆ ಒಂಬತ್ತೂ ಒಟ್ಟಿಗೆ ಬದಲಾಗುತ್ತವೆ, ಬೇಡದ್ದೂ ಬದಲಾಗಿಬಿಡಬಹುದು.

ಫೋಲ್ಡರನ್ನು ಓಡಿಸುವುದು ಅಂದರೇನು? ಅದಕ್ಕೆ ಎಕ್ಸ್ ಯಾಕೆ?

ಫೋಲ್ಡರ್ ವಿಷಯದಲ್ಲಿ ಎಕ್ಸ್ ಅಂದರೆ ಓಡಿಸುವುದಲ್ಲ, ಒಳಗೆ ಹೋಗುವುದು. ಆರ್ ಅಂದರೆ ಒಳಗೆ ಏನೇನಿದೆ ಎಂಬ ಹೆಸರುಗಳ ಪಟ್ಟಿ ನೋಡುವುದು. ಎರಡೂ ಬೇರೆ ಬೇರೆ.

ಬೇಕಿದ್ದರೆ ಈಗಲೇ ಮಾಡಿ ನೋಡಿ. ಒಂದು ಫೋಲ್ಡರ್ ಮಾಡಿ, ಒಳಗೆ ಒಂದು ಫೈಲ್ ಇಡಿ. ಫೋಲ್ಡರಿಗೆ 300 ಕೊಡಿ. ಈಗ ಎಲ್‌ಎಸ್ ಕೊಟ್ಟರೆ ಬೈಯುತ್ತದೆ. ಆದರೆ ಫೈಲಿನ ಹೆಸರು ನಿಮಗೆ ಗೊತ್ತಿದ್ದರೆ ನೇರವಾಗಿ ತೆರೆಯಬಹುದು. ಕತ್ತಲೆ ಕೋಣೆಯಲ್ಲಿ ಡಬ್ಬಿ ಎಲ್ಲಿದೆ ಅಂತ ಗೊತ್ತಿದ್ದವರು ಕೈ ಹಾಕಿ ತೆಗೆದ ಹಾಗೆ. ಈಗ 400 ಕೊಟ್ಟು ಎಲ್‌ಎಸ್ -ಎಲ್ ಮಾಡಿ. ಹೆಸರು ಕಾಣುತ್ತದೆ, ಉಳಿದ ವಿವರದ ಜಾಗದಲ್ಲೆಲ್ಲ ಪ್ರಶ್ನಾರ್ಥಕ ಚಿಹ್ನೆ. ಫೈಲ್ ತೆರೆಯಲು ಆಗುವುದಿಲ್ಲ. ಕಿಟಕಿಯಿಂದ ನೋಡಬಹುದು, ಒಳಗೆ ಹೋಗುವಂತಿಲ್ಲ.

ಫೈಲಿಗೆ ಬರೆಯುವ ಪರ್ಮಿಷನ್ ಕೊಟ್ಟಿರಲಿಲ್ಲ. ಆದರೂ ಯಾರೋ ಅಳಿಸಿದ್ದಾರೆ. ಹೇಗೆ?

ಇದು ಎಲ್ಲರೂ ಎಡವುವ ಜಾಗ. ಫೈಲ್ ಅಳಿಸುವುದು ಅಂದರೆ ಫೋಲ್ಡರಿನ ಪಟ್ಟಿಯಿಂದ ಒಂದು ಹೆಸರು ಹೊಡೆದುಹಾಕುವುದು. ಆ ಪಟ್ಟಿ ಇರುವುದು ಫೋಲ್ಡರಿನಲ್ಲಿ. ಆದ್ದರಿಂದ ಅಳಿಸಲು ಬೇಕಾದದ್ದು ಫೋಲ್ಡರಿನ ಡಬ್ಲ್ಯೂ ಮತ್ತು ಎಕ್ಸ್. ಫೈಲಿನ ಪರ್ಮಿಷನ್ ಏನೇ ಇರಲಿ, ಲೆಕ್ಕಕ್ಕೇ ಬರುವುದಿಲ್ಲ. "ಆರ್‌ಎಂ" ಕಮ್ಯಾಂಡ್ ಸುಮ್ನೆ ಒಮ್ಮೆ "ಇದು ಬರೆಯಬಾರದ ಫೈಲ್, ತೆಗೆಯಲಾ?" ಅಂತ ಕೇಳುತ್ತದೆ. ವೈ ಒತ್ತಿದರೆ ಮುಗೀತು.

ಹಾಗಾದರೆ ಎಲ್ಲರೂ ಬರೆಯುವ "/ಟಿಎಂಪಿ" ಫೋಲ್ಡರಿನಲ್ಲಿ ಒಬ್ಬರ ಫೈಲನ್ನು ಇನ್ನೊಬ್ಬರು ಯಾಕೆ ಅಳಿಸಲು ಆಗುವುದಿಲ್ಲ? ಅದರ ನಂಬರ್ 1777. ಮುಂದಿರುವ 1 ಅಂದರೆ ಸ್ಟಿಕಿ ಬಿಟ್. ಎಲ್‌ಎಸ್‌ನಲ್ಲಿ ಕೊನೆಯ ಎಕ್ಸ್ ಜಾಗದಲ್ಲಿ ಟಿ ಅಂತ ಕಾಣುತ್ತದೆ. ಅದು ಇದ್ದ ಫೋಲ್ಡರಿನಲ್ಲಿ ಫೈಲಿನ ಮಾಲೀಕ, ಫೋಲ್ಡರಿನ ಮಾಲೀಕ ಮತ್ತು ರೂಟ್ ಬಿಟ್ಟು ಬೇರೆ ಯಾರೂ ಅಳಿಸುವಂತಿಲ್ಲ, ಹೆಸರು ಬದಲಿಸುವಂತಿಲ್ಲ. ಸ್ಟಿಕಿ ಎಂಬ ಹೆಸರು ಬಂದಿದ್ದು ಬೇರೆ ಕಾರಣಕ್ಕೆ. ಲಿನಕ್ಸ್‌ಗೆ ಮಾದರಿಯಾದ 1970ರ ದಶಕದ ಯೂನಿಕ್ಸ್‌ನಲ್ಲಿ, ಮುಗಿದ ಪ್ರೋಗ್ರಾಮನ್ನು ಸ್ವಾಪ್ ಜಾಗದಲ್ಲೇ (ಮೆಮೊರಿಗೆ ಜೊತೆಯಾಗಿ ಡಿಸ್ಕಿನಲ್ಲಿರುವ ಜಾಗ) ಅಂಟಿಸಿಕೊಂಡು ಇಟ್ಟುಕೋ, ಮುಂದಿನ ಸಲ ಬೇಗ ಶುರುವಾಗಲಿ ಅಂತ ಹೇಳಲು ಈ ಬಿಟ್ ಇತ್ತು. ಆ ಕೆಲಸ ಹೋಯಿತು, ಹೆಸರು ಮಾತ್ರ ಅಂಟಿಕೊಂಡಿದೆ.

ಗ್ರೂಪ್ ಅಂದರೆ ಏನು? ನನ್ನ ಹೆಸರಲ್ಲೇ ಒಂದು ಗ್ರೂಪ್ ಯಾಕಿದೆ?

ಗ್ರೂಪ್ ಅಂದರೆ ಒಂದು ಹೆಸರು, ಒಂದು ನಂಬರ್, ಕೆಲವು ಸದಸ್ಯರು. "/ಇಟಿಸಿ/ಗ್ರೂಪ್" ಫೈಲ್ ತೆರೆದು ನೋಡಿ. ಪ್ರತಿ ಸಾಲಿನಲ್ಲಿ ಕೋಲನ್ ಹಾಕಿ ಬೇರೆ ಮಾಡಿದ ನಾಲ್ಕು ಭಾಗ: ಹೆಸರು, ಪಾಸ್‌ವರ್ಡ್ ಜಾಗದಲ್ಲಿ ಒಂದು ಎಕ್ಸ್, ನಂಬರ್, ಸದಸ್ಯರ ಹೆಸರು. ಕಂಪ್ಯೂಟರಿಗೆ ಬೇಕಾದದ್ದು ನಂಬರ್ ಒಂದೇ. ಹೆಸರು ನಮಗಾಗಿ. ಒಂದು ಗ್ರೂಪಿನೊಳಗೆ ಇನ್ನೊಂದು ಗ್ರೂಪ್ ಸೇರಿಸಲು ಇಲ್ಲಿ ಬರುವುದಿಲ್ಲ.

ಪ್ರತಿಯೊಬ್ಬರಿಗೂ ಒಂದು ಮುಖ್ಯ ಗ್ರೂಪ್ ಇರುತ್ತದೆ. ನೀವು ಹೊಸ ಫೈಲ್ ಮಾಡಿದಾಗ ಅದರ ಮೇಲೆ ಬೀಳುವುದು ಈ ಗ್ರೂಪಿನ ಹೆಸರು. ಇದು ಬರೆದಿರುವುದು "/ಇಟಿಸಿ/ಪಾಸ್‌ಡಬ್ಲ್ಯೂಡಿ" ಫೈಲಿನಲ್ಲಿ. ಅದಕ್ಕೇ ಗ್ರೂಪ್ ಫೈಲಿನಲ್ಲಿ ನಿಮ್ಮ ಸ್ವಂತ ಗ್ರೂಪಿನ ಮುಂದೆ ಸದಸ್ಯರ ಜಾಗ ಖಾಲಿ ಕಾಣುತ್ತದೆ. ಇದರ ಜೊತೆಗೆ ಎಷ್ಟು ಬೇಕಾದರೂ ಹೆಚ್ಚುವರಿ ಗ್ರೂಪ್‌ಗಳಲ್ಲಿ ಇರಬಹುದು. ಹಳೇ ಯೂನಿಕ್ಸ್‌ನಲ್ಲಿ ಒಂದು ಸಮಯಕ್ಕೆ ಒಂದೇ ಗ್ರೂಪ್. ಇನ್ನೊಂದರ ಫೈಲ್ ಬೇಕೆಂದರೆ ಅಂಗಿ ಬದಲಿಸಿದ ಹಾಗೆ ಗ್ರೂಪ್ ಬದಲಿಸಬೇಕಿತ್ತು. ಒಟ್ಟಿಗೇ ಹಲವು ಗ್ರೂಪ್‌ಗಳಲ್ಲಿರುವ ಅನುಕೂಲ ಬಂದಿದ್ದು 1983ರ 4.2 ಬಿಎಸ್‌ಡಿ ಎಂಬ ಯೂನಿಕ್ಸ್ ಆವೃತ್ತಿಯಲ್ಲಿ.

ನಿಮ್ಮ ಹೆಸರಲ್ಲೇ ಒಂದು ಗ್ರೂಪ್ ಇರುವುದು ರೆಡ್ ಹ್ಯಾಟ್‌ನವರು ಜನಪ್ರಿಯ ಮಾಡಿದ ಪದ್ಧತಿ. ಮೊದಲು ಎಲ್ಲರನ್ನೂ "ಯೂಸರ್ಸ್" ಎಂಬ ಒಂದೇ ಗ್ರೂಪಿಗೆ ತುಂಬುತ್ತಿದ್ದರು. ಆಗ ಗ್ರೂಪಿಗೆ ಬರೆಯುವ ಪರ್ಮಿಷನ್ ಕೊಟ್ಟರೆ ಊರಿಗೇ ಕೊಟ್ಟಂತೆ. ಈಗ ನಿಮ್ಮ ಗ್ರೂಪಿನಲ್ಲಿ ನೀವೊಬ್ಬರೇ ಇರುವುದರಿಂದ ಆ ಭಯ ಇಲ್ಲ.

ಒಬ್ಬರನ್ನು ಗ್ರೂಪಿಗೆ ಸೇರಿಸುವುದು ಹೇಗೆ?

ಸುಡೊ ಯೂಸರ್‌ಮಾಡ್ -ಎಜಿ ಲೆಕ್ಕ ಮಂಜು

ಎ ಸಣ್ಣಕ್ಷರ, ಜಿ ದೊಡ್ಡಕ್ಷರ. ಆ ಎ ಮರೆತರೆ ಕೆಟ್ಟಿರಿ. ಎ ಅಂದರೆ "ಇರುವುದರ ಜೊತೆಗೆ ಸೇರಿಸು". ಅದಿಲ್ಲದಿದ್ದರೆ "ಇನ್ನು ಮುಂದೆ ಇದೊಂದೇ" ಅಂತ ಅರ್ಥ. ಉಳಿದ ಹೆಚ್ಚುವರಿ ಗ್ರೂಪ್‌ಗಳಿಂದೆಲ್ಲ ಹೊರಗೆ.

ಇದು ನನಗೆ ಆಗಿದೆ. ಒಂದು ಶನಿವಾರ ಮಧ್ಯಾಹ್ನ, ಊಟದ ಗಡಿಬಿಡಿ, ನನ್ನನ್ನೇ ಒಂದು ಹೊಸ ಗ್ರೂಪಿಗೆ ಸೇರಿಸಿಕೊಂಡೆ. ಎ ಬಿಟ್ಟುಹೋಗಿತ್ತು. ಯಾವ ತಪ್ಪಿನ ಸೂಚನೆಯೂ ಬರಲಿಲ್ಲ. ಸೋಮವಾರ ಬಂದು ಲಾಗಿನ್ ಆಗಿ ಸುಡೊ ಅಂದರೆ, ನೀವು ಆ ಪಟ್ಟಿಯಲ್ಲೇ ಇಲ್ಲ, ಈ ಘಟನೆಯನ್ನು ವರದಿ ಮಾಡಲಾಗುವುದು ಅಂತ ಬಂತು. ವರದಿ ಹೋಗುವುದು ಯಾರಿಗೆ? ನನಗೇ. ಆ ಯಂತ್ರದಲ್ಲಿ ಸುಡೊ ಇದ್ದದ್ದು ನನ್ನೊಬ್ಬನಿಗೇ. ಕೊನೆಗೆ ರಿಕವರಿ ಮೋಡ್‌ನಲ್ಲಿ ಶುರು ಮಾಡಿ, ರೂಟ್ ಶೆಲ್ (ಕಮ್ಯಾಂಡ್ ಒತ್ತುವ ಜಾಗ) ತೆಗೆದು, ಡಿಸ್ಕನ್ನು ಬರೆಯುವಂತೆ ಮೌಂಟ್ ಮಾಡಿಕೊಂಡು (ಜೋಡಿಸಿಕೊಂಡು), ನನ್ನನ್ನು ಮತ್ತೆ ಸುಡೊ ಗ್ರೂಪಿಗೆ ಸೇರಿಸಿಕೊಳ್ಳಬೇಕಾಯಿತು.

ಅಂದಿನಿಂದ ನಾನು ಇನ್ನೊಂದು ದಾರಿ ಹಿಡಿದಿದ್ದೇನೆ:

ಸುಡೊ ಜಿಪಾಸ್‌ಡಬ್ಲ್ಯೂಡಿ -ಎ ಮಂಜು ಲೆಕ್ಕ

ಇದು ಸೇರಿಸುವುದಷ್ಟೇ ಮಾಡುತ್ತದೆ. ತೆಗೆಯಲು ಎ ಬದಲು ಡಿ. ಇಲ್ಲಿ ಮೊದಲು ವ್ಯಕ್ತಿಯ ಹೆಸರು, ಆಮೇಲೆ ಗ್ರೂಪ್. ಯೂಸರ್‌ಮಾಡ್‌ಗೆ ತಿರುವುಮುರುವು. ಡೆಬಿಯನ್, ಉಬುಂಟುವಿನಲ್ಲಿ "ಆಡ್‌ಯೂಸರ್ ಮಂಜು ಲೆಕ್ಕ" ಅಂದರೂ ಆಗುತ್ತದೆ.

ಸೇರಿಸಿದೆ. ಗ್ರೂಪ್ ಫೈಲಿನಲ್ಲಿ ಹೆಸರೂ ಇದೆ. ಆದರೂ ಪರ್ಮಿಷನ್ ಡಿನೈಡ್. ಯಾಕೆ?

ಲಾಗೌಟ್ ಆಗಿ ಮತ್ತೆ ಬನ್ನಿ. ಗ್ರೂಪ್‌ಗಳ ಪಟ್ಟಿ ನಿಮ್ಮ ಕೈಗೆ ಸಿಗುವುದು ಲಾಗಿನ್ ಆಗುವಾಗ, ಒಂದೇ ಸಲ. ಆಮೇಲೆ ನೀವು ತೆರೆಯುವ ಪ್ರತಿ ಕಿಟಕಿಗೂ ಆ ಹಳೇ ಪಟ್ಟಿಯೇ ಹೋಗುತ್ತದೆ. ಹೊಸ ಟರ್ಮಿನಲ್ ತೆರೆದರೆ ಸಾಲದು, ಅದೂ ಹಳೇ ಮನೆಯ ಕೂಸೇ.

ಪರೀಕ್ಷೆ ಮಾಡಬೇಕಾ? ಬರೀ "ಐಡಿ" ಕೊಡಿ, ಆಮೇಲೆ "ಐಡಿ ಮಂಜು" ಕೊಡಿ. ಮೊದಲನೆಯದು ಈಗ ನಿಮ್ಮ ಕೈಯಲ್ಲಿರುವುದನ್ನು ಹೇಳುತ್ತದೆ. ಎರಡನೆಯದು ಫೈಲಿನಲ್ಲಿ ಬರೆದದ್ದನ್ನು ಹೇಳುತ್ತದೆ. ಎರಡಕ್ಕೂ ತಾಳೆ ಇಲ್ಲದಿದ್ದರೆ ರೋಗ ಗೊತ್ತಾಯಿತು. ಲಾಗೌಟ್ ಆಗಲು ಪುರುಸೊತ್ತಿಲ್ಲ ಅಂದರೆ "ನ್ಯೂಜಿಆರ್‌ಪಿ ಲೆಕ್ಕ" ಕೊಡಿ, ಆ ಒಂದು ಶೆಲ್ ಮಟ್ಟಿಗೆ ಕೆಲಸ ಆಗುತ್ತದೆ. ಕೆಲವು ಡೆಸ್ಕ್‌ಟಾಪ್‌ಗಳಲ್ಲಿ ಲಾಗೌಟ್ ಆದರೂ ಹಿಂದೆ ಏನೋ ಓಡುತ್ತಲೇ ಇದ್ದು ಹಳೇ ಪಟ್ಟಿ ಉಳಿಯುವುದುಂಟು. ಆಗ ರೀಸ್ಟಾರ್ಟ್.

ನಾಲ್ಕು ಜನ ಒಟ್ಟಿಗೆ ಕೆಲಸ ಮಾಡುವ ಫೋಲ್ಡರ್ ಬೇಕು. ಸರಿಯಾದ ಕ್ರಮ ಯಾವುದು?

ಇದೊಂದು ಗೊತ್ತಿದ್ದರೆ ನನಗೆ ಬರುವ ಫೋನ್ ಅರ್ಧ ಕಡಿಮೆ ಆಗುತ್ತದೆ. ಹೀಗೆ ಮಾಡಿ:

ಸುಡೊ ಗ್ರೂಪ್‌ಆಡ್ ಲೆಕ್ಕ
ಸುಡೊ ಎಂಕೆಡಿಐಆರ್ /ಎಸ್‌ಆರ್‌ವಿ/ಲೆಕ್ಕ
ಸುಡೊ ಸಿಎಚ್‌ಜಿಆರ್‌ಪಿ ಲೆಕ್ಕ /ಎಸ್‌ಆರ್‌ವಿ/ಲೆಕ್ಕ
ಸುಡೊ ಸಿಎಚ್‌ಮಾಡ್ 2770 /ಎಸ್‌ಆರ್‌ವಿ/ಲೆಕ್ಕ

ಆಮೇಲೆ ನಾಲ್ವರನ್ನೂ ಗ್ರೂಪಿಗೆ ಸೇರಿಸಿ. ಎಲ್ಲರೂ ಒಮ್ಮೆ ಲಾಗೌಟ್ ಆಗಿ ಬರಲಿ.

ಇಲ್ಲಿ ಎಲ್ಲರೂ ಬಿಟ್ಟುಬಿಡುವುದು ಆ ಮುಂದಿನ 2. ಅದರ ಹೆಸರು ಸೆಟ್‌ಜಿಐಡಿ. ಅದು ಇದ್ದರೆ ಒಳಗೆ ಹುಟ್ಟುವ ಪ್ರತಿ ಫೈಲಿಗೂ ಫೋಲ್ಡರಿನ ಗ್ರೂಪೇ ಸಿಗುತ್ತದೆ. ಒಳಗೆ ಮಾಡುವ ಹೊಸ ಫೋಲ್ಡರುಗಳಿಗೂ ಆ 2 ತಾನಾಗಿ ಹೋಗುತ್ತದೆ. ಅದಿಲ್ಲದಿದ್ದರೆ ಸವಿತಾ ಮಾಡಿದ ಫೈಲಿಗೆ ಸವಿತಾ ಗ್ರೂಪ್, ಮಂಜು ಮಾಡಿದ್ದಕ್ಕೆ ಮಂಜು ಗ್ರೂಪ್. ಒಂದೇ ಫೋಲ್ಡರಿನಲ್ಲಿದ್ದೂ ಒಬ್ಬರದ್ದನ್ನು ಇನ್ನೊಬ್ಬರು ತಿದ್ದಲಾಗುವುದಿಲ್ಲ. ಬಿಎಸ್‌ಡಿ ಮತ್ತು ಮ್ಯಾಕ್‌ನಲ್ಲಿ ಈ 2 ಬೇಕಾಗಿಲ್ಲ. ಅಲ್ಲಿ ಮೊದಲಿನಿಂದಲೂ ಹೊಸ ಫೈಲಿಗೆ ಫೋಲ್ಡರಿನ ಗ್ರೂಪೇ ಬರುವುದು.

ಇಷ್ಟಾದ ಮೇಲೂ ಎರಡು ಕಡೆ ಕೈಕೊಡಬಹುದು. ಒಂದು, ಯುಮಾಸ್ಕ್, ಅದರ ಬಗ್ಗೆ ಮುಂದಿನ ಪ್ರಶ್ನೆ. ಇನ್ನೊಂದು ಜಾಸ್ತಿ ತಲೆ ತಿನ್ನುವಂಥದ್ದು. ಸವಿತಾ ತಮ್ಮ ಹೋಮ್‌ನಲ್ಲಿ ಮಾಡಿದ ಫೈಲನ್ನು "ಎಂವಿ" ಕೊಟ್ಟು ಇಲ್ಲಿಗೆ ತಂದರು. ಫೈಲ್ ಹುಟ್ಟಿದ್ದು ಬೇರೆ ಕಡೆ, ಇಲ್ಲಿಗೆ ಬಂದಿದ್ದು ಆಮೇಲೆ. ಆದ್ದರಿಂದ ಹಳೇ ಗ್ರೂಪ್ ಹಳೇ ಪರ್ಮಿಷನ್ ಎರಡೂ ಹಾಗೇ ಉಳಿದಿವೆ. ಅದೇ "ಸಿಪಿ" ಕೊಟ್ಟಿದ್ದರೆ ಇಲ್ಲಿ ಹೊಸ ಫೈಲ್ ಹುಟ್ಟುತ್ತಿತ್ತು, ಲೆಕ್ಕ ಗ್ರೂಪ್ ಬೀಳುತ್ತಿತ್ತು. ಫೈಲ್ ಮ್ಯಾನೇಜರ್‌ನಲ್ಲಿ ಮೌಸ್ ಹಿಡಿದು ಎಳೆದು ಹಾಕಿದರೂ ಹೆಚ್ಚಿನ ಸಲ ಆಗುವುದು ಎಂವಿಯೇ. "ನಿನ್ನೆ ಹಾಕಿದ್ದು ತೆರೆಯುತ್ತೆ, ಇವತ್ತಿಂದು ತೆರೆಯಲ್ಲ" ಅನ್ನುವ ದೂರಿನ ಹಿಂದೆ ಸಾಮಾನ್ಯವಾಗಿ ಇದೇ ಇರುತ್ತದೆ.

ಯುಮಾಸ್ಕ್ ಅಂದರೇನು?

ಹೊಸ ಫೈಲ್ ಹುಟ್ಟುವಾಗಲೇ ಯಾವ ಪರ್ಮಿಷನ್ ಕಿತ್ತುಕೊಳ್ಳಬೇಕು ಎಂಬ ಪಟ್ಟಿ. ಸಾಮಾನ್ಯವಾಗಿ ಪ್ರೋಗ್ರಾಮುಗಳು ಫೈಲಿಗೆ 666, ಫೋಲ್ಡರಿಗೆ 777 ಕೇಳುತ್ತವೆ. ಯುಮಾಸ್ಕ್ 022 ಇದ್ದರೆ ಗ್ರೂಪಿನ ಮತ್ತು ಉಳಿದವರ ಬರೆಯುವ ಅನುಮತಿ ಹೋಗಿ 644 ಮತ್ತು 755 ಉಳಿಯುತ್ತದೆ. 002 ಇದ್ದರೆ 664 ಮತ್ತು 775. ಮೇಲಿನ ಲೆಕ್ಕ ಫೋಲ್ಡರಿನಲ್ಲಿ ಒಬ್ಬರದ್ದನ್ನು ಇನ್ನೊಬ್ಬರು ತಿದ್ದಬೇಕಾದರೆ 002 ಬೇಕು. ನಿಮ್ಮ ಯಂತ್ರದಲ್ಲಿ ಏನಿದೆ ಅಂತ ತಿಳಿಯಲು ಬರೀ "ಯುಮಾಸ್ಕ್" ಎಂದು ಒತ್ತಿ.

ಸುಮ್ನೆ 777 ಕೊಟ್ಟುಬಿಟ್ಟರೆ ಏನಾಗುತ್ತದೆ? ಇಂಟರ್‌ನೆಟ್‌ನಲ್ಲಿ ಎಲ್ಲರೂ ಅದೇ ಹೇಳುತ್ತಾರೆ.

ಮನೆ ಕೀ ಕಳೆಯಿತು ಅಂತ ಬಾಗಿಲನ್ನೇ ಕಿತ್ತು ಅಂಗಳದಲ್ಲಿ ಒರಗಿಸಿದ ಹಾಗೆ. ಒಳಗೆ ಹೋಗಬಹುದು, ನಿಜ. ಎಲ್ಲರೂ ಹೋಗಬಹುದು. ನಿಮ್ಮ ವೆಬ್‌ಸೈಟಿನಲ್ಲಿ ಒಂದು ಸಣ್ಣ ತೂತು ಸಿಕ್ಕವನು 777 ಫೋಲ್ಡರಿನಲ್ಲಿ ತನ್ನ ಪ್ರೋಗ್ರಾಮ್ ಬರೆದು ಓಡಿಸಬಹುದು.

ಅದು ದೂರದ ಮಾತು ಅನ್ನಿಸಿದರೆ ಹತ್ತಿರದ್ದು ಕೇಳಿ. ಎಷ್ಟೋ ಪ್ರೋಗ್ರಾಮುಗಳು 777 ಕಂಡರೆ ಕೆಲಸವನ್ನೇ ನಿಲ್ಲಿಸುತ್ತವೆ. ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ನ ಖಾಸಗಿ ಕೀ ಬೇರೆಯವರಿಗೆ ಓದಲು ಬರುವಂತಿದ್ದರೆ ಎಸ್‌ಎಸ್‌ಎಚ್ ಅದನ್ನು ಮುಟ್ಟುವುದಿಲ್ಲ, ದೊಡ್ಡಕ್ಷರದಲ್ಲಿ ಎಚ್ಚರಿಕೆ ಹಾಕಿ ಕೂರುತ್ತದೆ. ಕೀ 600, ಅದಿರುವ ".ಎಸ್‌ಎಸ್‌ಎಚ್" ಫೋಲ್ಡರ್ 700 ಇರಲಿ. ಇನ್ನು ಇಡೀ ಯಂತ್ರಕ್ಕೆ, ಅಂದರೆ ಸ್ಲ್ಯಾಶ್‌ಗೇ, ಒಳಗಿನದ್ದೆಲ್ಲ ಸೇರಿಸಿ 777 ಕೊಟ್ಟವರ ಕಥೆ ಕೇಳಿ. ಹಾಗೆ ಮೂರಂಕಿ ಕೊಟ್ಟಾಗ ಫೈಲುಗಳ ಮುಂದಿದ್ದ ನಾಲ್ಕನೇ ಅಂಕಿ ಅಳಿಸಿಹೋಗುತ್ತದೆ. ಸುಡೊ ಕೆಲಸ ಮಾಡುವುದೇ ಆ ಅಂಕಿಯ ಬಲದಿಂದ. ಅದು ಹೋದ ಮೇಲೆ ಸುಡೊ ಓಡುವುದಿಲ್ಲ. ತಪ್ಪು ಸರಿ ಮಾಡಲು ಬೇಕಾದ ಆಯುಧವೇ ಕೈಯಿಂದ ಜಾರಿತು. ಅಂಥ ಯಂತ್ರಕ್ಕೆ ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ವಾಸಿ.

ಒಂದು ಫೋಲ್ಡರಿಗೆ ಮಾತ್ರ ಹೀಗೆ ಮಾಡಿದ್ದರೆ ಎರಡು ಸಾಲಿನಲ್ಲಿ ಸರಿ ಮಾಡಬಹುದು:

ಫೈಂಡ್ ಫೋಲ್ಡರ್ -ಟೈಪ್ ಡಿ -ಎಕ್ಸೆಕ್ ಸಿಎಚ್‌ಮಾಡ್ 755 {} +
ಫೈಂಡ್ ಫೋಲ್ಡರ್ -ಟೈಪ್ ಎಫ್ -ಎಕ್ಸೆಕ್ ಸಿಎಚ್‌ಮಾಡ್ 644 {} +

ಒಳಗೆ ಓಡಿಸುವ ಸ್ಕ್ರಿಪ್ಟ್‌ಗಳಿದ್ದರೆ ಅವಕ್ಕೆ ಆಮೇಲೆ ಬೇರೆಯಾಗಿ ಎಕ್ಸ್ ಕೊಡಿ.

ಸಾದಾ ಬಳಕೆದಾರ ತನ್ನ ಪಾಸ್‌ವರ್ಡ್ ತಾನೇ ಬದಲಿಸುತ್ತಾನೆ. ಆದರೆ ಪಾಸ್‌ವರ್ಡ್ ಫೈಲ್ ಅವನು ಮುಟ್ಟುವಂತಿಲ್ಲ. ಇದು ಹೇಗೆ?

ಒಳ್ಳೆ ಪ್ರಶ್ನೆ. ಪಾಸ್‌ವರ್ಡಿನ ಗುಟ್ಟು ಇರುವುದು "/ಇಟಿಸಿ/ಶ್ಯಾಡೋ" ಫೈಲಿನಲ್ಲಿ. ಡೆಬಿಯನ್‌ನಲ್ಲಿ ಅದು 640, ರೂಟ್ ಮಾಲೀಕ, ಗ್ರೂಪಿನ ಹೆಸರೂ ಶ್ಯಾಡೋ. ಫೆಡೋರಾದಲ್ಲಿ ಇನ್ನೂ ಬಿಗಿ, 000. ಯಾರಿಗೂ ಏನೂ ಇಲ್ಲ. ರೂಟ್‌ಗೆ ಹೇಗೂ ಈ ಬೇಲಿಗಳು ಅಡ್ಡಿಯಲ್ಲ.

"ಪಾಸ್‌ಡಬ್ಲ್ಯೂಡಿ" ಕಮ್ಯಾಂಡ್ ಇರುವ ಫೈಲನ್ನು ಎಲ್‌ಎಸ್ -ಎಲ್ ಕೊಟ್ಟು ನೋಡಿ. ಮಾಲೀಕರ ಎಕ್ಸ್ ಜಾಗದಲ್ಲಿ ಎಸ್ ಕಾಣುತ್ತದೆ. ನಂಬರ್ 4755. ಅದು ಸೆಟ್‌ಯುಐಡಿ. ಈ ಪ್ರೋಗ್ರಾಮನ್ನು ಯಾರೇ ಓಡಿಸಲಿ, ಓಡುವಷ್ಟು ಹೊತ್ತು ಅದಕ್ಕೆ ಮಾಲೀಕನ ಅಂದರೆ ರೂಟ್‌ನ ಅಧಿಕಾರ. ಪ್ರೋಗ್ರಾಮು ಒಳಗೆ ತಾನೇ ಪರೀಕ್ಷೆ ಮಾಡಿ ನಿಮ್ಮ ಸಾಲು ಬಿಟ್ಟು ಬೇರೆಯದನ್ನು ಮುಟ್ಟಲು ಬಿಡುವುದಿಲ್ಲ. ಇದು ಡೆನ್ನಿಸ್ ರಿಚಿ ಅವರ ತಲೆಯಿಂದ ಬಂದದ್ದು. ಇದಕ್ಕೆ 1973ರಲ್ಲಿ ಪೇಟೆಂಟ್ ಅರ್ಜಿ ಹಾಕಿದ್ದರು, 1979ರಲ್ಲಿ ಸಿಕ್ಕಿತು. ಆಮೇಲೆ ಅದನ್ನು ಸಾರ್ವಜನಿಕರಿಗೇ ಬಿಟ್ಟುಕೊಟ್ಟರು.

ನೀವು ಬರೆದ ಶೆಲ್ ಸ್ಕ್ರಿಪ್ಟಿಗೆ ಇದನ್ನು ಹಾಕಿದರೆ ಲಿನಕ್ಸ್ ಕ್ಯಾರೇ ಅನ್ನುವುದಿಲ್ಲ. ಅಪಾಯ ಅಂತ ಬೇಕೆಂದೇ ಬಿಟ್ಟಿದ್ದಾರೆ.

ಸುಡೊ ಗ್ರೂಪ್, ವೀಲ್ ಗ್ರೂಪ್: ಎರಡೂ ಒಂದೇನಾ?

ಕೆಲಸ ಒಂದೇ. ಡೆಬಿಯನ್, ಉಬುಂಟುವಿನಲ್ಲಿ ಸುಡೊ ಅನ್ನುತ್ತಾರೆ. ಫೆಡೋರಾ ಮತ್ತು ಬಿಎಸ್‌ಡಿ ಕಡೆ ವೀಲ್. ಮ್ಯಾಕ್‌ನಲ್ಲಿ ಅಡ್ಮಿನ್. ವೀಲ್ ಅಂದರೆ ಚಕ್ರ. ಅಮೆರಿಕದ ಆಡುಮಾತಿನಲ್ಲಿ "ದೊಡ್ಡ ಚಕ್ರ" ಅಂದರೆ ನಮ್ಮಲ್ಲಿ "ದೊಡ್ಡ ಕುಳ" ಅನ್ನುವ ಹಾಗೆ. ಟೆನೆಕ್ಸ್ ಎಂಬ ಹಳೇ ಸಿಸ್ಟಮ್‌ನಿಂದ ಯೂನಿಕ್ಸ್‌ಗೆ ಬಂತು. ಸುಡೊ ಹುಟ್ಟಿದ್ದು 1980ರ ಸುಮಾರಿಗೆ, ನ್ಯೂಯಾರ್ಕ್ ರಾಜ್ಯದ ಬಫಲೋ ವಿಶ್ವವಿದ್ಯಾಲಯದಲ್ಲಿ.

ಸುಡೊ ನಿಯಮಗಳ ಫೈಲನ್ನು ಸಾದಾ ಎಡಿಟರ್‌ನಲ್ಲಿ ತಿದ್ದಬೇಡಿ. "ವಿಸುಡೊ" ಬಳಸಿ. ತಪ್ಪಿದ್ದರೆ ಉಳಿಸುವ ಮೊದಲೇ ಹೇಳುತ್ತದೆ.

ಯಾವ ಗ್ರೂಪಿಗೆ ಸೇರಿಸಿದರೆ ಪರವಾಗಿಲ್ಲ, ಯಾವುದು ಅಪಾಯ?

ಆರ್ಡುಯಿನೊ ಎಂಬ ಪುಟ್ಟ ಎಲೆಕ್ಟ್ರಾನಿಕ್ಸ್ ಬೋರ್ಡ್ ಹಚ್ಚಿ ಆಟ ಆಡುವ ಮಕ್ಕಳಿಗೆ ಬೇಕಾದದ್ದು "ಡಯಲ್‌ಔಟ್". ಯುಎಸ್‌ಬಿ ಸೀರಿಯಲ್ ಪೋರ್ಟಿನ ಗ್ರೂಪ್ ಅದೇ. ಹೆಸರು ಟೆಲಿಫೋನ್ ಮೋಡೆಮ್ ಕಾಲದ್ದು, ಕೆಲಸ ಇವತ್ತಿನದ್ದು. ಆರ್ಚ್ ಲಿನಕ್ಸ್‌ನಲ್ಲಿ ಇದಕ್ಕೆ "ಯುಯುಸಿಪಿ" ಅನ್ನುತ್ತಾರೆ. ಪ್ರಿಂಟರ್ ನೋಡಿಕೊಳ್ಳುವವರಿಗೆ "ಎಲ್‌ಪಿಅಡ್ಮಿನ್", ಲಾಗ್ ಓದುವವರಿಗೆ "ಎಡಿಎಂ". ಇವು ಪರವಾಗಿಲ್ಲ.

"ಡಿಸ್ಕ್" ಗ್ರೂಪಿಗೆ ಯಾರನ್ನೂ ಸೇರಿಸಬೇಡಿ. ಅವರು ಇಡೀ ಡಿಸ್ಕನ್ನು ನೇರವಾಗಿ ಓದಿ ಬರೆಯಬಹುದು. ಫೈಲಿನ ಪರ್ಮಿಷನ್‌ಗೆ ಆಗ ಅರ್ಥವೇ ಇಲ್ಲ. "ಡಾಕರ್" ಗ್ರೂಪ್ ಇನ್ನೂ ಮೋಸ, ನೋಡಲು ಸಾದಾ ಕಾಣುತ್ತದೆ. ಅದರಲ್ಲಿರುವವರು ಇಡೀ ಯಂತ್ರದ ಫೈಲುಗಳನ್ನು ಒಂದು ಕಂಟೇನರ್ (ಪ್ರೋಗ್ರಾಮುಗಳನ್ನು ಬೇರೆಯಾಗಿ ಓಡಿಸುವ ಡಬ್ಬಿ) ಒಳಗೆ ಜೋಡಿಸಿಕೊಂಡು ಅಲ್ಲಿ ರೂಟ್ ಆಗಿ ಕೂರಬಹುದು. ಪಾಸ್‌ವರ್ಡ್ ಕೇಳದ ಸುಡೊ ಕೊಟ್ಟಂತೆಯೇ ಲೆಕ್ಕ.

ನಾನೇ ಮಾಲೀಕ. ಗ್ರೂಪಿಗೆ ಓದಲು ಬರುತ್ತದೆ, ನನಗೇ ಬರುವುದಿಲ್ಲ. ಇದೆಂಥಾ ನ್ಯಾಯ?

ಲಿನಕ್ಸ್ ಮೂರನ್ನೂ ಕೂಡಿ ನೋಡುವುದಿಲ್ಲ. ಮೊದಲು ನೀವು ಮಾಲೀಕರೇ ಅಂತ ನೋಡುತ್ತದೆ. ಹೌದಾದರೆ ಮಾಲೀಕರ ಮೂರು ಅಕ್ಷರ ನೋಡಿ ಅಲ್ಲಿಗೇ ತೀರ್ಮಾನ. ಅಲ್ಲದಿದ್ದರೆ ಗ್ರೂಪ್. ಅದೂ ಅಲ್ಲದಿದ್ದರೆ ಮಾತ್ರ ಉಳಿದವರು. ಆದ್ದರಿಂದ 040 ಇದ್ದರೆ ಗ್ರೂಪಿನವರು ಓದುತ್ತಾರೆ, ಮಾಲೀಕರು ಹೊರಗೆ. ಆದರೆ ಮಾಲೀಕರು ಯಾವಾಗ ಬೇಕಾದರೂ ಸಿಎಚ್‌ಮಾಡ್ ಕೊಟ್ಟು ಸರಿ ಮಾಡಿಕೊಳ್ಳಬಹುದು.

ಇದರಲ್ಲೊಂದು ಉಪಯೋಗವೂ ಇದೆ. 604 ಕೊಟ್ಟರೆ ಊರೆಲ್ಲ ಓದಬಹುದು, ಆ ಗ್ರೂಪಿನವರು ಮಾತ್ರ ಓದುವಂತಿಲ್ಲ. ನಾನು ಬಳಸಿಲ್ಲ. ಬಳಸುವ ಮನಸ್ಸು ಮಾತ್ರ ಕೆಲವು ಸಲ ಬಂದಿದೆ.

ಗ್ರೂಪಿನಲ್ಲಿಲ್ಲದ ಒಬ್ಬರಿಗೆ ಮಾತ್ರ ಒಂದು ಫೈಲ್ ತೋರಿಸಬೇಕು. ಅದಕ್ಕೂ ಹೊಸ ಗ್ರೂಪ್ ಮಾಡಬೇಕಾ?

ಬೇಡ. ಅದಕ್ಕೆ ಎಸಿಎಲ್, ಅಂದರೆ ಒಬ್ಬೊಬ್ಬರಿಗೆ ಬೇರೆ ಬೇರೆ ಅನುಮತಿ ಬರೆದಿಡುವ ಪಟ್ಟಿ, ಇದೆ. "ಸೆಟ್‌ಎಫ್‌ಎಸಿಎಲ್ -ಎಂ ಯು:ಮಂಜು:ಆರ್ ಫೈಲ್‌ಹೆಸರು" ಕೊಟ್ಟರೆ ಮಂಜುಗೆ ಮಾತ್ರ ಓದಲು ಸಿಗುತ್ತದೆ. ಆಮೇಲೆ ಎಲ್‌ಎಸ್‌ನಲ್ಲಿ ಕೂಡಿಸುವ ಚಿಹ್ನೆ ಕಾಣುತ್ತದೆ. ವಿವರಕ್ಕೆ "ಗೆಟ್‌ಎಫ್‌ಎಸಿಎಲ್". ಒಂದು ಎಚ್ಚರ: ಎಸಿಎಲ್ ಇದ್ದ ಫೈಲಿಗೆ ಆಮೇಲೆ ಸಿಎಚ್‌ಮಾಡ್ ಕೊಟ್ಟು ಗ್ರೂಪಿನ ಅನುಮತಿ ತೆಗೆದರೆ, ಮಂಜುವಿನದ್ದೂ ಅದರ ಜೊತೆ ಹೋಗುತ್ತದೆ. ಅಲ್ಲಿ ಮಧ್ಯದ ಮೂರು ಅಕ್ಷರ ಗ್ರೂಪಿನದ್ದಾಗಿ ಉಳಿದಿರುವುದಿಲ್ಲ. ಹೆಚ್ಚೆಂದರೆ ಎಷ್ಟು ಕೊಡಬಹುದು ಎಂಬ ಮಿತಿಯಾಗಿರುತ್ತದೆ.

ಪೆನ್‌ಡ್ರೈವ್‌ನಲ್ಲಿ ಸಿಎಚ್‌ಮಾಡ್ ಕೊಟ್ಟರೂ ಬದಲಾಗುತ್ತಿಲ್ಲ.

ಅದರ ಫಾರ್ಮ್ಯಾಟ್ ಫ್ಯಾಟ್ ಅಥವಾ ಎಕ್ಸ್‌ಫ್ಯಾಟ್ ಆಗಿರುತ್ತದೆ. ಅದರಲ್ಲಿ ಮಾಲೀಕ, ಗ್ರೂಪ್ ಬರೆದಿಡಲು ಜಾಗವೇ ಇಲ್ಲ. ನೀವು ನೋಡುವುದು ಮೌಂಟ್ ಮಾಡುವಾಗ ಲಿನಕ್ಸ್ ಹಚ್ಚಿದ ಬಣ್ಣ. ಪರ್ಮಿಷನ್ ಉಳಿಯಬೇಕಾದ ಬ್ಯಾಕಪ್ ಇದ್ದರೆ ಮೊದಲು ಟಾರ್ ಕಮ್ಯಾಂಡಿನಿಂದ ಎಲ್ಲವನ್ನೂ ಒಂದೇ ಫೈಲಾಗಿ ಕಟ್ಟಿ, ಆಮೇಲೆ ಪೆನ್‌ಡ್ರೈವ್‌ಗೆ ಹಾಕಿ.

ಇದೆಲ್ಲ ಸರ್ವರ್ ನೋಡುವವರಿಗೆ. ನನಗ್ಯಾಕೆ?

ನಿಮ್ಮ ಜೇಬಿನಲ್ಲಿ ಆಂಡ್ರಾಯ್ಡ್ ಫೋನ್ ಇದ್ದರೆ ದಿನವಿಡೀ ಇದನ್ನೇ ಬಳಸುತ್ತಿದ್ದೀರಿ. ಅದರಡಿ ಇರುವುದು ಲಿನಕ್ಸ್. ಅಲ್ಲಿ ಒಂದೊಂದು ಆ್ಯಪ್‌ಗೂ ಬೇರೆ ಬೇರೆ ಬಳಕೆದಾರರ ನಂಬರ್, 10000ದಿಂದ ಮೇಲೆ. ನಿಮ್ಮ ಬ್ಯಾಂಕ್ ಆ್ಯಪಿನ ಫೈಲನ್ನು ಟಾರ್ಚ್ ಆ್ಯಪ್ ಓದಲಾಗದಿರುವುದಕ್ಕೆ ಮೊದಲ ಬೇಲಿ ಇದೇ ಹಳೇ ಮಾಲೀಕ, ಗ್ರೂಪ್ ಲೆಕ್ಕ. ಆ್ಯಪ್‌ಗೆ ಇಂಟರ್‌ನೆಟ್ ಅನುಮತಿ ಸಿಕ್ಕಿತು ಅಂದರೆ ಒಳಗೆ ಅದು 3003 ನಂಬರಿನ ಗ್ರೂಪಿಗೆ ಸೇರಿತು ಎಂದೇ ತುಂಬಾ ವರ್ಷ ಅರ್ಥವಿತ್ತು.

ಕೆಲಸ ಬಿಟ್ಟು ಹೋದವರ ಖಾತೆ ಅಳಿಸಿದೆ. ಈಗ ಅವರ ಫೈಲ್‌ಗಳಲ್ಲಿ ಹೆಸರಿನ ಬದಲು 1004 ಅಂತ ಕಾಣುತ್ತಿದೆ.

ಫೈಲಿನ ಮೇಲೆ ಹೆಸರು ಯಾವತ್ತೂ ಇರಲಿಲ್ಲ, ಇದ್ದದ್ದು ನಂಬರ್. ಹೆಸರನ್ನು ಪಾಸ್‌ಡಬ್ಲ್ಯೂಡಿ ಫೈಲಿನಿಂದ ಹುಡುಕಿ ತೋರಿಸುತ್ತಿತ್ತು. ಈಗ ಅಲ್ಲಿ ಸಾಲು ಇಲ್ಲ, ಆದ್ದರಿಂದ ಬರೀ ನಂಬರ್.

ನೋಡಲು ವಿಚಿತ್ರ ಅನ್ನುವುದಷ್ಟೇ ಇದರ ತೊಂದರೆ ಅಲ್ಲ. ಹೊಸಬರನ್ನು ಸೇರಿಸುವಾಗ ಸಾಮಾನ್ಯವಾಗಿ ಇರುವುದರಲ್ಲಿ ದೊಡ್ಡ ನಂಬರಿನ ಮುಂದಿನದ್ದು ಸಿಗುತ್ತದೆ. ಕೊನೆಗೆ ಸೇರಿದ್ದವರೇ ಬಿಟ್ಟು ಹೋಗಿದ್ದರೆ ಅವರ ನಂಬರೇ ಹೊಸಬರಿಗೆ. ನಮ್ಮಲ್ಲಿ ಹಾಗೇ ಆಯಿತು. ಹೊಸದಾಗಿ ಬಂದ ಹುಡುಗ ಮೊದಲ ದಿನವೇ ಬಂದು, "ಸಾರ್, ನನ್ನ ಹೆಸರಲ್ಲಿ ಯಾವುದೋ ಸಂಬಳದ ಪಟ್ಟಿ ಇದೆ" ಅಂದ. ಹಿಂದಿನವರು ಹಂಚಿಕೆ ಫೋಲ್ಡರಿನಲ್ಲಿ 600 ಕೊಟ್ಟು ಇಟ್ಟಿದ್ದ ಫೈಲ್ ಅದು. ನಮಗ್ಯಾರಿಗೂ ತೆರೆಯದಿದ್ದದ್ದು ಅವನಿಗೆ ತೆರೆಯಿತು.

ಈಗ ಖಾತೆ ಅಳಿಸುವ ಬದಲು "ಯೂಸರ್‌ಮಾಡ್ -ಎಲ್" ಕೊಟ್ಟು ಪಾಸ್‌ವರ್ಡಿಗೆ ಬೀಗ ಹಾಕಿಡುತ್ತೇನೆ, ಎಲ್ ದೊಡ್ಡಕ್ಷರ. ಎಸ್‌ಎಸ್‌ಎಚ್ ಕೀ ಇದ್ದರೆ ಅದನ್ನೂ ತೆಗೆಯಬೇಕು, ಈ ಬೀಗ ಅದಕ್ಕೆ ಬೀಳುವುದಿಲ್ಲ. ಅಳಿಸಲೇಬೇಕು ಅಂದರೆ ಮೊದಲು ಇದನ್ನು ಓಡಿಸಿ, ಅವರದ್ದೆಲ್ಲ ಎಲ್ಲೆಲ್ಲಿದೆ ಅಂತ ನೋಡಿಕೊಳ್ಳಿ:

ಸುಡೊ ಫೈಂಡ್ / -ಯೂಸರ್ ಹೆಸರು

ಈಗಾಗಲೇ ಅಳಿಸಿಬಿಟ್ಟಿದ್ದರೆ "-ಯೂಸರ್ ಹೆಸರು" ಬದಲು "-ನೋಯೂಸರ್" ಹಾಕಿ. ವಾರಸುದಾರರಿಲ್ಲದ ಫೈಲ್‌ಗಳೆಲ್ಲ ಸಾಲಾಗಿ ಬರುತ್ತವೆ. ಆ ಸಾಲು ನೋಡಿಯೇ ಹೊಸ ಖಾತೆ ತೆರೆಯಿರಿ.